ಮಣಿಯೊಳಗೆ ಅಡಗುವ ಗಂಟು

ಚನ್ನಪಟ್ಟಣ ಎಂದೊಡನೆ ನೆನಪಾಗುವುದು ಗೊಂಬೆ. ಆದರೆ ಇಲ್ಲಿನ ಲೇತುಗಳಿಂದ ಮಣಿಗಳೂ ರಾಶಿರಾಶಿಯಾಗಿ ಹೊರಬೀಳುತ್ತವೆ. ಅವನ್ನು ಸರ, ಬಾಗಿಲ ಪರದೆ, ಕಾರಿನ ಸೀಟಿನ ಹಾಸುಗಳಾಗಿ ಪೋಣಿಸುವವರಲ್ಲಿ ಮನೆಯಲ್ಲೇ ಕೂತು ದುಡಿಯುವ ಹೆಂಗಸರು ಬಹಳ. ನಾನು ಹೋದದ್ದು ಅಂಥ ಒಬ್ಬ ಅಕ್ಕನ ಕೈಕೆಲಸ ನೋಡಲು. ಅವರು ಕಟ್ಟಿದ ಎಲಾಸ್ಟಿಕ್ ಬ್ರೇಸ್‌ಲೆಟ್‌ನಲ್ಲಿ ಗಂಟು ಎಲ್ಲಿದೆ ಎಂದು ಹುಡುಕಿದರೂ ಸಿಗುವುದಿಲ್ಲ.

ಅವರು ಮೊದಲು ಮುಟ್ಟುವುದು ಮಣಿಯನ್ನಲ್ಲ, ದಾರವನ್ನು. ಒಂದು ಮಾರು ಕತ್ತರಿಸಿ, ಸ್ವಲ್ಪ ಸ್ವಲ್ಪವಾಗಿ ಹಿಡಿದು ಚೆನ್ನಾಗಿ ಜಗ್ಗುತ್ತಾರೆ. 'ದಾರಕ್ಕೆ ಮೊದ್ಲೇ ಸುಸ್ತು ಮಾಡಿಸ್ಬೇಕು ಮೇಡಂ. ಇಲ್ದಿದ್ರೆ ನಿಮ್ಮ ಕೈಲಿ ಸುಸ್ತಾಗ್ತದೆ' ಎಂದರು. ಹೊಸ ಎಲಾಸ್ಟಿಕ್ ಹಾಕಿದ ಕೆಲವೇ ದಿನಗಳಲ್ಲಿ ಸಡಿಲಾಗಿ, ಮಣಿಗಳ ನಡುವೆ ದಾರ ಇಣುಕುವುದು ಈ ಎಳೆತ ತಪ್ಪಿದಾಗಲೇ.

ಅಳತೆಯಲ್ಲೂ ಸೂಕ್ಷ್ಮವಿದೆ. ಮಣಿಕಟ್ಟು 16 ಸೆಂಟಿಮೀಟರ್ ಇದ್ದರೆ 10 ಮಿಲಿಮೀಟರಿನ ಮಣಿ 16 ಸಾಲವು, 19 ಬೇಕು. ದಾರ ಹಾಯುವುದು ಮಣಿಯ ನಡುವಿನಲ್ಲಿ. ಮಣಿ ದಪ್ಪವಾದಷ್ಟೂ ಒಳಗಿನ ಸುತ್ತು ಕಿರಿದಾಗುತ್ತದೆ. ಅಕ್ಕ ಇದನ್ನು ಲೆಕ್ಕ ಹಾಕುವುದಿಲ್ಲ. ಎದುರಿನವರ ಕೈ ನೋಡಿಯೇ ಮಣಿ ಎಣಿಸಿಡುತ್ತಾರೆ.

ಗಂಟಿಗೆ ಮೊದಲ ಸಲ ಎರಡು ಸುತ್ತು, ಅದರ ಮೇಲೆ ಒಂದು. ಎರಡು ಸುತ್ತಿನ ತಿಕ್ಕಾಟ ಇರುವುದರಿಂದ ಮೇಲಿನ ಗಂಟು ಬೀಳುವ ತನಕ ಕೆಳಗಿನದು ಜಾರದು. ಶಸ್ತ್ರಚಿಕಿತ್ಸೆಯ ಹೊಲಿಗೆಗೆ ವೈದ್ಯರು ಹಾಕುವುದೂ ಇದೇ ಗಂಟು. ಕೊನೆಗೆ ಒಂದು ಹನಿ ಅಂಟು. ಆದರೆ ತಟ್ಟನೆ ಹಿಡಿಯುವ ಫೆವಿಕ್ವಿಕ್‌ನಂಥದ್ದು ಬೇಡ. ಅದು ದಾರವನ್ನೇ ಗಡಸು ಮಾಡಿ ಮುರಿಯುತ್ತದೆ. ತೂತು ಅಗಲವಿರುವ ಒಂದು ಮಣಿಯನ್ನು ಅವರು ಮೊದಲೇ ಬೇರೆ ಇಟ್ಟಿರುತ್ತಾರೆ. ಮೆಲ್ಲಗೆ ಎಳೆದರೆ ಗಂಟು ಅದರೊಳಗೆ ಹೊಕ್ಕುಬಿಡುತ್ತದೆ.

ಮಣಿಯ ಮರ ಹಾಲೆಮರ, ಹಗುರ, ಬಿಳಿ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ತಾಳೆ ಗರಿಯಿಂದ ಉಜ್ಜಿದರೆ ಹೊಳಪು. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ. ಅರಗು ಸ್ಪಿರಿಟ್‌ನಲ್ಲಿ ಕರಗುವ ವಸ್ತು, ಹಾಗಾಗಿ ಈ ಮಣಿ ತೊಟ್ಟವರು ಸ್ಯಾನಿಟೈಸರ್, ಸೆಂಟು ಹಚ್ಚುವಾಗ ಬ್ರೇಸ್‌ಲೆಟ್ ತೆಗೆದಿಡಬೇಕು.

ಈ ಕೆಲಸ ಕಲಿಸಲು ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ, ಆಮೇಲೆ ಇಲ್ಲಿನ ಗೊಂಬೆ ಕಸುಬಿನ ಹಿರಿಯ ಬಾವಾಸ್ ಮಿಯಾ ಜಪಾನಿನ ಕೌಶಲವನ್ನು ಇಲ್ಲಿಗೆ ತಂದರು ಎಂಬುದು ಊರಿನ ಹಿರಿಯರ ಮಾತು. 2005–06ರಲ್ಲಿ ಚನ್ನಪಟ್ಟಣದ ಗೊಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು. ಕುಶಲಕರ್ಮಿ ಎಂದಾಗ ನಮಗೆ ನೆನಪಾಗುವುದು ಲೇತಿನ ಮುಂದೆ ಕೂತವರು. ಪೋಣಿಸುವ ಕೈಗೆ ಆ ಹೆಸರಿಲ್ಲ, ಲೆಕ್ಕಕ್ಕೆ ಸಿಕ್ಕರೆ ಅದು ಕೂಲಿ. ಇದು ನನಗೆ ಸರಿಯೆನಿಸುವುದಿಲ್ಲ. ಬಿಡಿ ಮಣಿಯನ್ನು ಯಾರೂ ತೊಡುವುದಿಲ್ಲವಲ್ಲ!

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರ ಹೊರಗಿನಿಂದ ಹಾದುಹೋಯಿತು. ಹಳೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ ಗೊಂಬೆಯ ಜೊತೆ ಒಂದು ಕೈಸರವನ್ನೂ ಕಟ್ಟಿಸಿಕೊಳ್ಳುತ್ತಿದ್ದವರು ಕಡಿಮೆಯಾದರು. ಅಂಗಡಿಯಲ್ಲಿ ವ್ಯಾಪಾರ ಇಳಿದರೆ ಮನೆಗೆ ಬರುವ ಮಣಿಯ ಚೀಲವೂ ಸಣ್ಣದಾಗುತ್ತದೆ.

ಅಕ್ಕನ ಮಗಳು ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಲ್ಲಿ ತಿಂಗಳ ಸಂಬಳ, ಪಿ.ಎಫ್. ಇದೆ, ಹೋಗಬೇಡ ಎನ್ನಲು ತಾಯಿಗೂ ಬಾಯಿಲ್ಲ. ಭಾನುವಾರ ಮಾತ್ರ ಅಮ್ಮನ ಪಕ್ಕ ಕೂರುತ್ತಾಳೆ. 'ನನಗಿಂತ ಚಿಕ್ಕ ಗಂಟು ಹಾಕ್ತಾಳೆ, ನೋಡಿ' ಎಂದು ಅಕ್ಕ ಹೆಮ್ಮೆಯಿಂದ ತೋರಿಸಿದರು. ಆಮೇಲೆ, 'ವಾರಕ್ಕೊಂದು ದಿನ ಸಾಕಾಗಲ್ಲ ಮೇಡಂ, ಕೈ ಮರೀತದೆ' ಎಂದರು.