ನಿಮಗಿದು ಗೊತ್ತೆ? ಹೆಗಲ ಮೇಲಿನ ನಕ್ಷತ್ರ ಇಲ್ಲಿ ಸಾಲದು

ನ್ಯೂಜಿಲೆಂಡ್ ಸೇನೆಯ ವಿಶೇಷ ಕಮಾಂಡೊ ಪಡೆಯಾದ ಎಸ್‌ಎಎಸ್ ಹುಟ್ಟಿದ್ದು 1955ರಲ್ಲಿ. ಮೇಜರ್ ಫ್ರಾಂಕ್ ರೆನ್ನಿ ಕಟ್ಟಿದ ಈ ಪಡೆ ಮೊದಲು ಹೋರಾಡಿದ್ದು ಮಲಯದ ಕಾಡುಗಳಲ್ಲಿ. ಈಗಿನ ನೆಲೆ ಆಕ್ಲೆಂಡ್ ಬಳಿಯ ಪಾಪಾಕುರಾ.

ವೈಯೂರು ಸೇನಾ ಶಿಬಿರದಲ್ಲಿ ತರಬೇತಿ ಮುಗಿಸಿ ಹೊರಬಂದ ಯುವ ಅಧಿಕಾರಿ ಈ ಪಡೆಗೆ ನೇರವಾಗಿ ಸೇರಲಾರ. ಸಾಮಾನ್ಯ ಸಿಪಾಯಿಯ ಜೊತೆಯಲ್ಲೇ ಅವನೂ ಆಯ್ಕೆ ಪರೀಕ್ಷೆಗೆ ಇಳಿಯಬೇಕು. ಬೆನ್ನಿಗೆ ಭಾರದ ಚೀಲ, ನಿದ್ದೆಗೆಟ್ಟ ರಾತ್ರಿಗಳು, ಅರೆಹೊಟ್ಟೆ. ಮರಳುದಿಣ್ಣೆ, ಜೌಗುನೆಲಗಳಲ್ಲಿ 20 ಲೀಟರ್ ನೀರಿನ ಕ್ಯಾನ್ ಹೊತ್ತು ಗಂಟೆಗಟ್ಟಲೆ ನಡೆಯುವ ‘ವಾನ್ ಟೆಂಪ್ಸ್ಕಿ’ ಹಂತದಲ್ಲಿ ಅನೇಕರು ಕೈಚೆಲ್ಲುತ್ತಾರೆ. ಇಷ್ಟನ್ನು ದಾಟಿದರೂ ಅಧಿಕಾರಿಗೆ ಬಿಡುಗಡೆಯಿಲ್ಲ. ಅವನಿಗೆಂದೇ ಇನ್ನೊಂದು ಪರೀಕ್ಷೆ ಕಾದಿರುತ್ತದೆ: ದಣಿದು ಬಸವಳಿದ ಹೊತ್ತಿನಲ್ಲೂ ಅವನ ಯೋಚನೆ, ನಿರ್ಧಾರ ನೆಟ್ಟಗಿರುತ್ತವೆಯೇ ಎಂದು ನೋಡುತ್ತಾರೆ. ಇದು ನ್ಯಾಯವೇ. ಅವನ ಒಂದು ತಪ್ಪು ಲೆಕ್ಕಕ್ಕೆ ಬೆಲೆ ತೆರುವವರು ಅವನ ಹಿಂದೆ ಬರುವ ಸೈನಿಕರಲ್ಲವೇ?

ಆಯ್ಕೆಯಾದ ಮೇಲೂ ತಿಂಗಳುಗಟ್ಟಲೆ ತರಬೇತಿ ಇದೆ. ಪಡೆಯ ಗುರುತಾದ ಮರಳುಬಣ್ಣದ ಬೆರೆಟ್ ಟೋಪಿ ತಲೆಗೇರುವುದು ಆ ಬಳಿಕವೇ.

ಸೋತವರಿಗೂ ಬಾಗಿಲು ತೆರೆದಿರುತ್ತದೆ. ಮುಂದೆ 2007ರಲ್ಲಿ ವಿಕ್ಟೋರಿಯಾ ಕ್ರಾಸ್ ಶೌರ್ಯ ಪದಕ ಪಡೆದ ವಿಲ್ಲಿ ಅಪಿಯಾಟ 1996ರ ಆಯ್ಕೆಯಲ್ಲಿ ಸೋತಿದ್ದರು. ಆಗ ಅವರು ಅಧಿಕಾರಿಯಲ್ಲ, ಸಿಪಾಯಿ. 2001ರಲ್ಲಿ ಮತ್ತೆ ಬಂದು ಗೆದ್ದರು.

ಯುವ ಅಧಿಕಾರಿಗಳನ್ನು ಹೀಗೆ ಒರೆಗೆ ಹಚ್ಚುವುದು ನಮ್ಮಲ್ಲೂ ಉಂಟು: ಭಾರತದ ಕಾಲಾಳು ಪಡೆಯ ಯುವ ಅಧಿಕಾರಿಗಳು ಕಮಾಂಡೊ ತರಬೇತಿಗೆ ಬರುವುದು ಕರ್ನಾಟಕದ ಬೆಳಗಾವಿಗೆ.