ರೇಖಿ ಮತ್ತು ಶುಶ್ರೂಷೆ: ಸಂಶೋಧನೆಗಳು ತಿಳಿಸುವುದೇನು?

ರೋಗಿಯ ದೇಹದ ಮೇಲೆ ಹಗುರವಾಗಿ ಕೈಯಿರಿಸಿ ಪ್ರಾಣಶಕ್ತಿಯನ್ನು ಹರಿಸುವುದೆಂದು ಹೇಳಲಾಗುವ ರೇಖಿ ಪದ್ಧತಿಯನ್ನು ಜಪಾನಿನ ಮಿಕಾವೊ ಉಸುಯಿ ಅವರು 1922ರಲ್ಲಿ ಆರಂಭಿಸಿದರು. ಇಂದು ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ದಾದಿಯರೂ ಇದನ್ನು ಅನುಸರಿಸುತ್ತಾರೆ. ಇದರಿಂದ ನಿಜವಾಗಿಯೂ ಗುಣವುಂಟೇ ಎಂದು ಸದ್ಭಕ್ತರು ನಮ್ಮನ್ನು ಕೇಳುವುದುಂಟು.

ಹಿತವೆನಿಸಿತೆಂಬ ರೋಗಿಯ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆ ಹಿತವು ಎಲ್ಲಿಂದ ಬಂದಿತೆಂಬುದೇ ಪ್ರಶ್ನೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಕೀಮೋಥೆರಪಿ ಪಡೆಯುತ್ತಿದ್ದ 189 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ನಿಜವಾದ ರೇಖಿ, ಇನ್ನೊಂದಕ್ಕೆ ಅದರ ಬರಿಯ ಅನುಕರಣೆ, ಮತ್ತೊಂದಕ್ಕೆ ಎಂದಿನ ಆರೈಕೆ ಮಾತ್ರ. ಮೊದಲೆರಡು ಗುಂಪುಗಳಲ್ಲಿಯೂ ನೆಮ್ಮದಿ ಹೆಚ್ಚಿತು. ಮೂರನೆಯದರಲ್ಲಿ ಬದಲಾವಣೆ ಕಾಣಲಿಲ್ಲ. ಶಕ್ತಿ ಹರಿಸುವ ಪ್ರಯತ್ನ ಇರಲಿ, ಇಲ್ಲದಿರಲಿ, ದಾದಿಯೊಬ್ಬರು ರೋಗಿಯ ಬಳಿಯಲ್ಲಿಯೇ ಇದ್ದು ಆಸರೆಯಾದುದು ಫಲ ನೀಡಿತೆಂದು ಸಂಶೋಧಕರು ತೀರ್ಮಾನಿಸಿದರು. ನಮ್ಮ ದೃಷ್ಟಿಯಲ್ಲಿ ಇದು ರೇಖಿಗಿಂತಲೂ ಶುಶ್ರೂಷೆಗೆ ಸಂದ ಗೌರವ.

ಆತಂಕ ಮತ್ತು ಖಿನ್ನತೆಯ ವಿಷಯದಲ್ಲಿ ಕಾಕ್ರೇನ್ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ವಿಮರ್ಶೆಗೆ ದೊರೆತುದು ಮೂರೇ ಅಧ್ಯಯನಗಳು. ರೇಖಿ ಉಪಯುಕ್ತವೆಂದಾಗಲಿ ಅಲ್ಲವೆಂದಾಗಲಿ ಹೇಳಲು ಅಷ್ಟು ಸಾಕ್ಷ್ಯ ಸಾಲದೆಂದು ಅದು ತಿಳಿಸಿತು.

ಆದುದರಿಂದ ರೇಖಿಯನ್ನು ನೆಚ್ಚಿ ಕೀಮೋಥೆರಪಿಯನ್ನಾಗಲಿ, ಇನ್ಸುಲಿನ್ನನ್ನಾಗಲಿ, ವೈದ್ಯರು ಬರೆದುಕೊಟ್ಟ ಯಾವುದೇ ಔಷಧಿಯನ್ನಾಗಲಿ ನಿಲ್ಲಿಸಕೂಡದು. ಚಿಕಿತ್ಸೆಯ ಜೊತೆಯಲ್ಲಿ ಮನಸ್ಸಿಗೆ ಹಿತವೆಂದು ಪಡೆಯುವವರು ವೈದ್ಯರಿಗೆ ತಿಳಿಸಿ ಪಡೆಯಬಹುದು. ನಮ್ಮ ಆಸ್ಪತ್ರೆಗಳ ತುಂಬಿದ ವಾರ್ಡುಗಳಲ್ಲಿ ಒಬ್ಬ ರೋಗಿಯ ಬಳಿ ಅಷ್ಟು ಹೊತ್ತು ಕೂರಲು ದಾದಿಯರಿಗೆ ಬಿಡುವೆಲ್ಲಿ? ಆ ಕೆಲಸವನ್ನು ಜೊತೆಗಿರುವ ಮನೆಯವರೂ ಮಾಡಬಲ್ಲರು.