ಮಾಯಾ ಜನರ ದಿನಗಣನೆ: ಒಂದು ತಾರೀಖನ್ನು ಬಿಡಿಸಿ ನೋಡೋಣ

ಮೆಕ್ಸಿಕೋ ದೇಶದ ಚಿಯಾಪಾಸ್ ರಾಜ್ಯದ ಕಾಡಿನಲ್ಲಿ ಪಲೆಂಕೆ ಎಂಬ ಹಾಳು ನಗರವಿದೆ. ಅಲ್ಲಿನ ‘ಶಾಸನಗಳ ದೇಗುಲ’ ಎಂಬ ಪಿರಮಿಡ್ಡಿನ ಒಡಲಲ್ಲಿ ಪಕಲ್ ಎಂಬ ರಾಜನ ಸಮಾಧಿಯಿದೆ. ಪುರಾತತ್ವಜ್ಞ ಆಲ್ಬರ್ತೋ ರುಸ್ ಆ ಕೋಣೆಯನ್ನು ತೆರೆದದ್ದು 1952ರಲ್ಲಿ. ಕಲ್ಲಿನ ಶವಪೆಟ್ಟಿಗೆಯ ಮುಚ್ಚಳದ ಅಂಚಿನಲ್ಲಿ ರಾಜ ತೀರಿಕೊಂಡ ದಿನವನ್ನು ಕೊರೆದಿದ್ದಾರೆ: 6 ಎಟ್ಸ್‌ನಬ್ 11 ಯಾಶ್. ಮಾಯಾ ಕಾಲಗಣನೆಯ ಬಗ್ಗೆ ಕೇಳಿಬರುವ ಕಟ್ಟುಕತೆಗಳನ್ನೆಲ್ಲ ಬದಿಗಿಟ್ಟು ಈ ಒಂದು ತಾರೀಖನ್ನು ಹಿಡಿದರೆ ಸಾಕು, ಇಡೀ ಲೆಕ್ಕದ ಒಳಗುಟ್ಟು ಕೈಗೆ ಸಿಗುತ್ತದೆ.

ತಾರೀಖಿನಲ್ಲಿ ಎರಡು ತುಂಡುಗಳಿವೆ. ಮೊದಲನೆಯದಾದ ‘6 ಎಟ್ಸ್‌ನಬ್’ 260 ದಿನಗಳ ಪವಿತ್ರ ಸುತ್ತಿಗೆ ಸೇರಿದ್ದು. ವಿದ್ವಾಂಸರು ಅದನ್ನು ತ್ಸೋಲ್‌ಕಿನ್ ಎನ್ನುತ್ತಾರೆ. ಅದರಲ್ಲಿ 1ರಿಂದ 13ರವರೆಗಿನ ಅಂಕಿಗಳ ಒಂದು ಸರಣಿ, ಇಮಿಶ್‌ನಿಂದ ಅಹಾವ್‌ವರೆಗಿನ 20 ಹೆಸರುಗಳ ಇನ್ನೊಂದು ಸರಣಿ. ನಮ್ಮ ಪಂಚಾಂಗದಲ್ಲಿ ವಾರವೂ ನಕ್ಷತ್ರವೂ ಒಂದಕ್ಕೊಂದು ಕಾಯದೆ ತಮ್ಮ ಪಾಡಿಗೆ ಸಾಗುವ ಹಾಗೆ, ಇಲ್ಲಿಯೂ ದಿನ ಕಳೆದಂತೆ ಅಂಕಿಯೂ ಹೆಸರೂ ಒಂದೊಂದು ಹೆಜ್ಜೆ ಮುಂದೆ ಹೋಗುತ್ತವೆ. ಇಂದು 1 ಇಮಿಶ್ ಆದರೆ ನಾಳೆ 2 ಇಕ್, ನಾಡಿದ್ದು 3 ಅಕ್‌ಬಾಲ್. 13 ಬೆನ್ ಮುಗಿದ ಮರುದಿನ ಅಂಕಿ 1ಕ್ಕೆ ಮರಳುತ್ತದೆ, ಹೆಸರು ಮಾತ್ರ ಮುಂದುವರಿದು 1 ಇಶ್ ಆಗುತ್ತದೆ. ಅದೇ ಅಂಕಿ ಅದೇ ಹೆಸರಿನೊಂದಿಗೆ ಮತ್ತೆ ಕೂಡಲು 13 × 20, ಅಂದರೆ 260 ದಿನ ಬೇಕು. ಪ್ರತಿ ದಿನಕ್ಕೂ ಅದರದೇ ಆದ ದೈವವಿದೆ, ಗುಣವಿದೆ. ಮಗು ಹುಟ್ಟಿದ ದಿನದ ಮೇಲೆ ಅದರ ಸ್ವಭಾವ ಹೇಳುತ್ತಿದ್ದರು.

260 ಏಕೆ? ಗ್ವಾಟೆಮಾಲಾದ ಗುಡ್ಡಗಾಡಿನ ಮಾಯಾ ಜನರನ್ನು ಕೇಳಿದರೆ ತಾಯಿ ಮಗುವನ್ನು ಹೊತ್ತಿರುವ ಅವಧಿ ಇದೇ ಅಲ್ಲವೇ ಎನ್ನುತ್ತಾರೆ. ಆಕಾಶದ ಕಡೆಯಿಂದಲೂ ಒಂದು ವಿವರಣೆಯಿದೆ. ಹೊಂಡುರಾಸ್‌ನಲ್ಲಿರುವ ಕೊಪಾನ್ ನಗರದ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನಡುನೆತ್ತಿಗೆ ಬರುತ್ತಾನೆ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ. ಇವೆರಡರ ನಡುವೆ ಸುಮಾರು 105 ದಿನ. ವರ್ಷದಲ್ಲಿ ಉಳಿಯುವುದು 260. ನಮ್ಮ ಕಾರವಾರ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿದೆ. ಅಲ್ಲಿ ನೆಲಕ್ಕೆ ನೆಟ್ಟಗೆ ಕೋಲು ನಿಲ್ಲಿಸಿದರೆ ಏಪ್ರಿಲ್ ಕೊನೆಯ ಒಂದು ನಡುಹಗಲು ಅದರ ನೆರಳು ಮಾಯವಾಗುವುದನ್ನು ಯಾರು ಬೇಕಾದರೂ ನೋಡಬಹುದು. ಆಗಸ್ಟಿನದು ಮಳೆಮೋಡ ಬಿಟ್ಟುಕೊಟ್ಟರೆ ಮಾತ್ರ. ಗರ್ಭದ ಲೆಕ್ಕವೂ ನೆರಳಿನ ಲೆಕ್ಕವೂ ಒಂದೇ ಅಂಕಿಗೆ ಬಂದು ನಿಂತಾಗ ಅದನ್ನು ಪವಿತ್ರವೆಂದು ಕಂಡದ್ದು ನನಗೆ ತೀರ ಸಹಜವೆನಿಸುತ್ತದೆ.

ಎರಡನೆಯ ತುಂಡು ‘11 ಯಾಶ್’. ಇದು 365 ದಿನಗಳ ಹಾಬ್ ವರ್ಷದ್ದು. 20 ದಿನಗಳ 18 ತಿಂಗಳು (ಯಾಶ್, ಕುಮ್‌ಕು ಇತ್ಯಾದಿ), ಕೊನೆಗೆ ವಾಯೆಬ್ ಎಂಬ 5 ಅಶುಭ ದಿನಗಳು. ಅಧಿಕ ದಿನ ಸೇರಿಸುವ ಪದ್ಧತಿ ಇರಲಿಲ್ಲ, ಆದ್ದರಿಂದ ಹಾಬ್ ವರ್ಷ ಋತುಗಳಿಂದ ನಾಲ್ಕು ವರ್ಷಕ್ಕೊಂದು ದಿನದಂತೆ ಸರಿಯುತ್ತಿತ್ತು. ಇದು ಅಜ್ಞಾನವಲ್ಲ. ದಿನವನ್ನು ತುಂಡರಿಸದೆ, ಸೇರಿಸದೆ, ಇಡಿ ಇಡಿಯಾಗಿ ಎಣಿಸುವುದೇ ಅವರ ಕ್ರಮ. ಆ ಶಿಸ್ತಿನ ಫಲ ಮುಂದೆ ಕಾಣುತ್ತದೆ.

260ರ ಸುತ್ತೂ 365ರ ಸುತ್ತೂ ಹೊರಟ ಜಾಗದಲ್ಲೇ ಮತ್ತೆ ಸಂಧಿಸುವುದು 18,980 ದಿನಗಳಿಗೊಮ್ಮೆ, ಅಂದರೆ 52 ಹಾಬ್ ವರ್ಷಕ್ಕೊಮ್ಮೆ. ಹಾಗಾದರೆ ‘6 ಎಟ್ಸ್‌ನಬ್ 11 ಯಾಶ್’ ಪ್ರತಿ 52 ವರ್ಷಕ್ಕೊಮ್ಮೆ ಬರುತ್ತದೆ. ಪಕಲ್ ತೀರಿಕೊಂಡದ್ದು ಇವುಗಳಲ್ಲಿ ಯಾವ ಸಲ?

ಇದಕ್ಕೆ ಉತ್ತರ ದೀರ್ಘ ಗಣನೆ. ಸೃಷ್ಟಿಯ ದಿನದಿಂದ ಈವರೆಗೆ ಕಳೆದ ಒಟ್ಟು ದಿನಗಳನ್ನು ಅದು ಹೇಳುತ್ತದೆ. ಒಂದು ದಿನ ಕಿನ್. 20 ಕಿನ್ ಸೇರಿದರೆ ವಿನಾಲ್, 18 ವಿನಾಲ್ ಸೇರಿದರೆ 360 ದಿನಗಳ ತುನ್, 20 ತುನ್ ಸೇರಿದರೆ 7,200 ದಿನಗಳ ಕತುನ್, 20 ಕತುನ್ ಸೇರಿದರೆ 1,44,000 ದಿನಗಳ ಬಕ್ತುನ್. ಬರೆಯಲು ಬೇಕಾದದ್ದು ಮೂರೇ ಗುರುತು: ಒಂದಕ್ಕೆ ಚುಕ್ಕಿ, ಐದಕ್ಕೆ ಗೆರೆ, ಸೊನ್ನೆಗೆ ಪುಸ್ತಕಗಳಲ್ಲಿ ಕಪ್ಪೆಚಿಪ್ಪಿನಂಥ ಚಿತ್ರ.

ಪಕಲ್ ತೀರಿಕೊಂಡ ದಿನ ಈ ಗಣನೆಯಲ್ಲಿ 9.12.11.5.18. ಕೂಡಿ ನೋಡೋಣ. 9 ಬಕ್ತುನ್ 12,96,000 ದಿನ, 12 ಕತುನ್ 86,400, 11 ತುನ್ 3,960, 5 ವಿನಾಲ್ 100, ಮೇಲೆ 18. ಮೊತ್ತ 13,86,478. ಗಣನೆ ಆರಂಭವಾದ ದಿನ 4 ಅಹಾವ್ 8 ಕುಮ್‌ಕು. ಈಗ ಮೊತ್ತವನ್ನು 13ರಿಂದ ಭಾಗಿಸಿ, ಶೇಷ 2. ಆರಂಭದ 4ಕ್ಕೆ ಸೇರಿಸಿದರೆ 6. ಇನ್ನು 20ರಿಂದ ಭಾಗಿಸಿ, ಶೇಷ 18. ಅಹಾವ್‌ನಿಂದ 18 ಹೆಸರು ಮುಂದೆ ಎಣಿಸಿದರೆ ಸಿಗುವುದು ಎಟ್ಸ್‌ನಬ್. ಕೊನೆಗೆ 365ರಿಂದ ಭಾಗಿಸಿದರೆ ಶೇಷ 208. 8 ಕುಮ್‌ಕುವಿನಿಂದ ಅಷ್ಟು ದಿನ ಮುಂದೆ ಹೋದರೆ 11 ಯಾಶ್. ಕಲ್ಲಿನ ಬರಹವೂ ನಮ್ಮ ಕಾಗದದ ಲೆಕ್ಕವೂ ಒಂದು ದಿನವೂ ಆಚೀಚೆ ಆಗುವುದಿಲ್ಲ. ಎಷ್ಟು ಸಲ ಮಾಡಿ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಕ್ಯಾಲೆಂಡರಿನಲ್ಲಿ ಅದು ಕ್ರಿ.ಶ. 683ರ ಆಗಸ್ಟ್. ಸೃಷ್ಟಿಯ ದಿನ ಕ್ರಿ.ಪೂ. 3114ರ ಆಗಸ್ಟ್ 11 ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪುವ ಹೊಂದಾಣಿಕೆ.

ಅಲ್ಲಿಂದ 13 ಬಕ್ತುನ್ ತುಂಬಿದ್ದು 2012ರ ಡಿಸೆಂಬರ್ 21ಕ್ಕೆ. ಅಂದು ಪ್ರಳಯವಾಗುತ್ತದೆಂದು ನಮ್ಮ ಟಿವಿಗಳಲ್ಲೂ ಚರ್ಚೆ ನಡೆದಿತ್ತು. ಆದರೆ ಅದೇ ಪಲೆಂಕೆಯ ಶಾಸನವೊಂದು ಪಕಲ್ ಪಟ್ಟಕ್ಕೆ ಬಂದ ದಿನದ ವಾರ್ಷಿಕೋತ್ಸವವನ್ನು ಕ್ರಿ.ಶ. 4772ರವರೆಗೂ ಲೆಕ್ಕ ಹಾಕಿದೆ. 2012ಕ್ಕೆ ಲೋಕ ಮುಗಿಯುತ್ತದೆಂದು ನಂಬಿದವರು ಹೀಗೆ ಬರೆಸುತ್ತಿರಲಿಲ್ಲ.

ಈ ಎಣಿಕೆ ಆಕಾಶಕ್ಕೆ ಹೇಗೆ ಒದಗಿತೆಂದು ತಿಳಿಯಲು ಜರ್ಮನಿಯ ಡ್ರೆಸ್ಡೆನ್ ಗ್ರಂಥಾಲಯದಲ್ಲಿರುವ ಮಾಯಾ ಪುಸ್ತಕವನ್ನು ನೋಡಬೇಕು. ಅತ್ತಿಜಾತಿಯ ಮರದ ತೊಗಟೆಯನ್ನು ಬಡಿದು ಮಾಡಿದ ಕಾಗದ, ಮಡಿಸಿದ ಹಾಳೆಗಳು. 1562ರಲ್ಲಿ ಯುಕಾತಾನಿನ ಮಾನಿ ಎಂಬಲ್ಲಿ ದಿಯೆಗೋ ದೆ ಲಾಂದಾ ಎಂಬ ಸ್ಪೇನಿನ ಪಾದ್ರಿ ಮಾಯಾ ಪುಸ್ತಕಗಳನ್ನು ಸುಡಿಸಿದ. ಇಂದು ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ. ಡ್ರೆಸ್ಡೆನ್ನಿನ ಪುಸ್ತಕದ ಶುಕ್ರನ ಕೋಷ್ಟಕವನ್ನು ಬಿಡಿಸಿದವರು ಅಲ್ಲಿನ ಗ್ರಂಥಪಾಲಕ ಎರ್ನ್ಸ್ಟ್ ಫೋರ್ಸ್ಟೆಮನ್, 19ನೇ ಶತಮಾನದ ಕೊನೆಯಲ್ಲಿ.

ಕೋಷ್ಟಕದಲ್ಲಿ ಶುಕ್ರನ ಒಂದು ಸುತ್ತು 584 ದಿನ. ಅದನ್ನು ನಾಲ್ಕು ಪಾಲು ಮಾಡಿದ್ದಾರೆ: ಬೆಳಗಿನ ನಕ್ಷತ್ರವಾಗಿ 236, ಮರೆಯಾಗಿ 90, ಸಂಜೆಯ ನಕ್ಷತ್ರವಾಗಿ 250, ಮತ್ತೆ ಮರೆಯಾಗಿ 8. ಕಣ್ಣಿಗೆ ಕಾಣುವ ಶುಕ್ರನಿಗೆ ಇದರಲ್ಲಿ ಚೆನ್ನಾಗಿ ಹೊಂದುವುದು ಕೊನೆಯ 8 ಮಾತ್ರ. ಅವರಿಗೆ ಮುಖ್ಯವಾದದ್ದೂ ಅದೇ. ಸೂರ್ಯನ ಹೊಳಪಿನಲ್ಲಿ ಅಡಗಿ ಮತ್ತೆ ಪೂರ್ವದಲ್ಲಿ ಮೂಡುವ ಶುಕ್ರನನ್ನು ಅವರು ಬಹಳ ಅಂಜಿಕೆಯಿಂದ ಕಂಡರು. ಕೋಷ್ಟಕದ ಒಂದೊಂದು ಪುಟದಲ್ಲೂ ಒಬ್ಬ ಶುಕ್ರದೇವತೆ ಈಟಿ ಎಸೆಯುತ್ತಿದ್ದಾನೆ, ಕೆಳಗೆ ಅದು ನಾಟಿದವನು ಬಿದ್ದಿದ್ದಾನೆ.

ಇಡಿ ದಿನಗಳ ಶಿಸ್ತು ಫಲ ಕೊಡುವುದು ಇಲ್ಲಿ. ಶುಕ್ರನ 5 ಸುತ್ತು ಸರಿಯಾಗಿ 8 ಹಾಬ್ ವರ್ಷ, 2,920 ದಿನ. ಶುಕ್ರನ 65 ಸುತ್ತು 37,960 ದಿನ, ಅದು 52 ವರ್ಷದ ಸುತ್ತಿನ ಸರಿಯಾಗಿ ಎರಡರಷ್ಟು. ಆಗ ಶುಕ್ರ, ಹಾಬ್, ಪವಿತ್ರ 260 ಮೂರೂ ಒಂದೇ ಬೆಳಗ್ಗೆ ಸೇರುತ್ತವೆ. ಶುಕ್ರನ ನಿಜವಾದ ಸರಾಸರಿ 583.92 ದಿನ, ಆದ್ದರಿಂದ ಅಷ್ಟು ಕಾಲದಲ್ಲಿ ಸುಮಾರು 5 ದಿನ ಹೆಚ್ಚಾಗುತ್ತದೆ. ಭಿನ್ನರಾಶಿ ಬಳಸದೆಯೇ ಅವರು ನಡುನಡುವೆ ಕೆಲವು ದಿನ ಕಳೆದು ಇದನ್ನು ತಿದ್ದಿಕೊಂಡರು. ಅದೇ ಪುಸ್ತಕದ ಗ್ರಹಣಕೋಷ್ಟಕವೂ ಹಾಗೆಯೇ: ಚಂದ್ರನ 405 ತಿಂಗಳು ಸುಮಾರು 11,960 ದಿನ, ಅದು 260ರ ಸರಿಯಾಗಿ 46 ಪಟ್ಟು.

ಪಕಲ್‌ನ ಶವಪೆಟ್ಟಿಗೆಯ ಮುಚ್ಚಳಕ್ಕೆ ಮರಳೋಣ. ಅದರ ಮೇಲ್ಮೈಯನ್ನು ಕೆಲವರು ಅಡ್ಡವಾಗಿ ತಿರುಗಿಸಿ, ರಾಕೆಟ್ಟಿನಲ್ಲಿ ಕೂತ ಗಗನಯಾತ್ರಿ ಎಂದು ತೋರಿಸುತ್ತಾರೆ. ಉದ್ದವಾಗಿ ಇಟ್ಟು ನೋಡಿದರೆ ಅದರ ಅರ್ಥ ಸರಳ. ಕೆಳಗೆ ಪಾತಾಳದ ಬಾಯಿ, ನಡುವೆ ಒರಗಿದ ರಾಜ, ಅವನ ಮೇಲೆ ಶಿಲುಬೆಯಾಕಾರದ ವಿಶ್ವವೃಕ್ಷ, ತುದಿಯಲ್ಲಿ ದೈವಪಕ್ಷಿ. ಸುತ್ತಲಿನ ಅಂಚುಪಟ್ಟಿಯಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳ ಗುರುತು. ದಿಕ್ಕುಗಳಿಗೂ ಅವರು ಬಣ್ಣ ಕೊಟ್ಟಿದ್ದರು: ಪೂರ್ವಕ್ಕೆ ಕೆಂಪು, ಉತ್ತರಕ್ಕೆ ಬಿಳಿ, ಪಶ್ಚಿಮಕ್ಕೆ ಕಪ್ಪು, ದಕ್ಷಿಣಕ್ಕೆ ಹಳದಿ, ನಡುವೆ ಹಸಿರು ಮರ, ಇದು ಅವರ ಲೋಕದ ನಕ್ಷೆ.

ದೀರ್ಘ ಗಣನೆಯನ್ನು ಕಲ್ಲಿನಲ್ಲಿ ಕೊರೆಯುವುದು 10ನೇ ಶತಮಾನಕ್ಕೆ ನಿಂತಿತು. 260ರ ಎಣಿಕೆ ನಿಲ್ಲಲಿಲ್ಲ. ಗ್ವಾಟೆಮಾಲಾದ ಮೊಮೊಸ್ತೆನಾಂಗೋ ಮುಂತಾದ ಊರುಗಳ ಕಿಚೆ ಮಾಯಾ ಜನರಲ್ಲಿ ಇಂದಿಗೂ ಅಹ್‌ಕಿಹ್ ಎಂಬ ದಿನಪಾಲಕರಿದ್ದಾರೆ. ಹೆಂಗಸರೂ ಗಂಡಸರೂ ಈ ದೀಕ್ಷೆ ಪಡೆಯುತ್ತಾರೆ. ನಮ್ಮ ಹಾಲುವಾಣದ ಬಳಗಕ್ಕೆ ಸೇರಿದ ಮರವೊಂದರ ಕೆಂಪು ಬೀಜಗಳನ್ನು ಮುಂದೆ ಹರಡಿ, ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದು ದಿನದ ಹೆಸರು ಹೇಳುತ್ತ ಬಂದವರ ಪ್ರಶ್ನೆಗೆ ಉತ್ತರ ಕೊಡುತ್ತಾರೆ. 260 ದಿನಕ್ಕೊಮ್ಮೆ ಬರುವ 8 ಬಾಟ್ಸ್ ಎಂಬ ದಿನ ಹೊಸ ದಿನಪಾಲಕರಿಗೆ ದೀಕ್ಷೆ ಕೊಡುತ್ತಾರೆ.